ಹೀಟರ್ ಆರಿಸಿದ್ದು ನಾನೇ

ಮಾರ್ವೆಲ್ ಪುರಭವನ, ಜುಲೈ, ಬೆಳಗ್ಗೆ ಒಂಬತ್ತು.
ಕ್ಯಾನ್‌ಬೆರಾದಿಂದ ಬಂದ ಸಮಿತಿಗೆ
ಹಸಿರು ಬಟ್ಟೆ ಹೊದಿಸಿದ ಉದ್ದ ಮೇಜು,
ಐದು ಮೈಕು, ಐದು ಲೋಟ ನೀರು.
ಮೂಲೆಯಲ್ಲಿ ನಾನು, ಮಾತು ಹಿಡಿಯುವ ನನ್ನ ಪೆಟ್ಟಿಗೆ.
ವಿಚಾರಣೆಯ ವಿಷಯ: ಇಂಧನ, ಹವಾಮಾನ,
ಸರ್ಕಾರ ಆಡಿದ್ದು, ಸರ್ಕಾರ ಮಾಡಿದ್ದು.

ಗೋಡೆಯ ಹೀಟರು ಹಳೆಯದು,
ದಮ್ಮು ಹಿಡಿದ ಮುದುಕನ ಹಾಗೆ ಗೊರಗೊರ.
ಹೆಡ್‌ಫೋನಿನೊಳಗೆ ಅದೇ ಮೊದಲ ಸಾಕ್ಷಿ.
ಕೈಯೆತ್ತಿದೆ: ಅಧ್ಯಕ್ಷರೇ, ಇದು ಆರದೆ ದಾಖಲೆ ಆಗದು.
ಆರಿಸಿದರು.
ಆಮೇಲೆ ಇಡೀ ದಿನ ಅರವತ್ತು ಜನ
ಬಿಸಿಯಾಗುತ್ತಿರುವ ಭೂಮಿಯ ಬಗ್ಗೆ
ನಡುಗುತ್ತ ಮಾತಾಡಿದರು.

ಮೊದಲು ಇಲಾಖೆಯ ಪೆಲ್ಯೂ.
ಒಳ್ಳೆ ಕೋಟು, ಸ್ಪಷ್ಟ ಉಚ್ಚಾರ,
ನನ್ನಂಥ ಬೆರಳಚ್ಚಿನವರಿಗೆ ಹಬ್ಬ.
"ಸ್ಥಾವರ ಮುಚ್ಚಿದ ಮೇಲೆ ಈ ಕಣಿವೆಗೆ ಎಷ್ಟು ಕೆಲಸ?"
ಸೆನೆಟರ್ ಬ್ರಾಮ್‌ಲಿ ಕೇಳಿದರು.
"ಪ್ರಶ್ನೆ ಬರೆದುಕೊಂಡಿದ್ದೇನೆ. ಲಿಖಿತವಾಗಿ ಉತ್ತರಿಸುತ್ತೇನೆ."
"ಯಾವಾಗ?"
"ಅದನ್ನೂ ಲಿಖಿತವಾಗಿ."

ಅಡ್ಡಗೋಡೆ ಮೇಲೆ ದೀಪ ಇಟ್ಟ ನೋಡು
ಅನ್ನುತ್ತಿದ್ದಳು ನಮ್ಮ ಸೋದರತ್ತೆ, ಇಂಥ ಉತ್ತರಕ್ಕೆ.
ಈಚೆಗೂ ಬೆಳಕು, ಆಚೆಗೂ ಬೆಳಕು,
ಓದಲು ಮಾತ್ರ ಎರಡೂ ಕಡೆ ಸಾಲದು.
ಆ ದೀಪ ಯಾರ ಮೀಟರಿನದು?
ಅದನ್ನು ಯಾವ ಸೆನೆಟರೂ ಕೇಳಲಿಲ್ಲ.

ಗ್ವೆನ್ ಟ್ರೆಲೋರ್ ಏನೂ ಹೇಳಲಿಲ್ಲ.
ಬಿಸ್ಕತ್ತಿನ ಡಬ್ಬಿ ತೆರೆದು ಏಳು ವರ್ಷದ ಕರೆಂಟ್ ಬಿಲ್ಲು
ಹಸಿರು ಬಟ್ಟೆಯ ಮೇಲೆ ಸುರಿದಳು.
ಸಮಿತಿ ಸರ್ವಾನುಮತದಿಂದ ಸ್ವೀಕರಿಸಿತು, ದಸ್ತಾವೇಜು ಹದಿನಾಲ್ಕು.
"ಬಿಲ್ಲು ಇಟ್ಟುಕೊಳ್ಳಿ," ಅಂದಳು ಎದ್ದು,
"ಡಬ್ಬಿ ವಾಪಸು ಬೇಕು."

ಆಮೇಲೆ ಲೆಕ್ಸ್ ಜ್ಯಾಮಿಟ್.
ಅಪ್ಪ ಮಾಲ್ಟಾದಿಂದ ತಂದ ಹೆಸರು,
ಬಾಯ್ಲರಿನ ಮುಂದೆ ಮೂವತ್ತೊಂದು ವರ್ಷ.
ಬೈಯುತ್ತಾನೆ ಎಂದು ಎಲ್ಲರೂ ಸೆಟೆದು ಕೂತರು.

"ಕಲ್ಲಿದ್ದಲು ಹೋಗಲಿ, ನಾನು ಅಳುವುದಿಲ್ಲ.
ನನ್ನ ಹೆಂಡತಿ ಒಣಹಾಕಿದ ಬಿಳಿ ಚಾದರ
ಒಂದು ದಿನವೂ ಬಿಳಿಯಾಗಿ ಒಳಗೆ ಬರಲಿಲ್ಲ.
ಆದರೆ ಬೆಂಕಿ ಆರಿಸುವುದಕ್ಕೂ ಒಂದು ಕ್ರಮ ಇದೆ, ಸೆನೆಟರ್.
ಒಮ್ಮೆಲೇ ತಣ್ಣಗಾಗಿಸಿದರೆ ಕೊಳವೆ ಸೀಳುತ್ತದೆ.
ಗಂಟೆಗೆ ಇಷ್ಟು ಡಿಗ್ರಿ ಅಂತ ಇಳಿಸುತ್ತಿದ್ದೆವು,
ಪಕ್ಕದಲ್ಲೇ ಕೂತು, ರಾತ್ರಿಯೆಲ್ಲ.
ಉಕ್ಕಿಗೆ ಕೊಟ್ಟ ಆ ಮರ್ಯಾದೆ..."

ಅಷ್ಟರಲ್ಲಿ ಕೆಮ್ಮು.
ನಲವತ್ತು ಸೆಕೆಂಡು. ಪರದೆಯ ಮೇಲೆ ಅದರ ಅಲೆ
ಎಲ್ಲರ ಮಾತಿಗಿಂತ ಎತ್ತರ ಎದ್ದು ಬಿತ್ತು.
ಯಾರೋ ನೀರು ಸರಿಸಿದರು.
ಅಧ್ಯಕ್ಷರು ಗಡಿಯಾರ ನೋಡಿದರು.
ಧನ್ಯವಾದ, ಮಿಸ್ಟರ್ ಜ್ಯಾಮಿಟ್. ಮುಂದಿನವರು.

ರಾತ್ರಿ ಮೋಟೆಲಿನಲ್ಲಿ ಬಡಿಯುತ್ತ ಕೂತೆ.
ನಿಯಮ ಗೊತ್ತು: ಆಂ, ಊಂ, ತೊದಲು, ಕೆಮ್ಮು ತೆಗೆಯಬೇಕು;
ಅರ್ಧ ನಿಂತ ವಾಕ್ಯಕ್ಕೆ ಒಂದು ಗೆರೆ,
ನಲವತ್ತು ಸೆಕೆಂಡಿಗೂ ಅದೇ ಒಂದು ಗೆರೆ.
ಸಾಕ್ಷಿ ಎನ್ನುವ ಪದದೊಳಗೆ ಕಣ್ಣಿದೆಯಂತೆ.
ನನ್ನ ಕೆಲಸಕ್ಕೆ ಇರುವುದು ಕಿವಿ ಎರಡೇ,
ಅದರಲ್ಲೂ ಗೊರಗೊರ ಕೇಳಬಾರದು.

ಕಾಲ ಬಳಿ ಮೋಟೆಲಿನ ಹೀಟರು, ಹೊಸದು,
ಸದ್ದೇ ಇಲ್ಲದೆ ಬೆಚ್ಚಗೆ ಉರಿಯುತ್ತಿತ್ತು.
ಎಲ್ಲಿಯ ಕರೆಂಟೋ, ವಿಚಾರಿಸಲಿಲ್ಲ.

ಆ ಕೆಮ್ಮು ಮೂವತ್ತೊಂದು ವರ್ಷದ ಬಾಯ್ಲರಿನದೋ,
ನಾನು ಆರಿಸಿದ ಹೀಟರಿನದೋ?
ಪ್ರಶ್ನೆ ಬರೆದುಕೊಂಡಿದ್ದೇನೆ.
ಲಿಖಿತವಾಗಿ ಉತ್ತರಿಸುತ್ತೇನೆ.